ಅಂಚಿನ ಗುಳಿಗಳು

ಪ್ರಯೋಗಶಾಲೆಯಲ್ಲಿ ಅವಳಿಗೆ ‘ಇನ್ನೊಮ್ಮೆಯಮ್ಮ’ ಎಂದೇ ಹೆಸರು. ಯಾರು ಯಾವ ಫಲಿತಾಂಶ ತಂದು ತೋರಿಸಿದರೂ, “ಇನ್ನೊಮ್ಮೆ ಮಾಡಿ ನೋಡೋಣ” ಎಂಬುದೇ ಅವಳ ಮೊದಲ ಮಾತು. ಮರುಕಳಿಸಿದ ಅಂಡಾಶಯದ ಕ್ಯಾನ್ಸರಿನ ಜೀವಕೋಶಗಳನ್ನು ಕಿರುಬೆರಳ ಉಗುರಿನಷ್ಟಗಲದ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿ, ಹೊಸ ಔಷಧಗಳನ್ನು ಜೋಡಿ ಜೋಡಿಯಾಗಿ ಹನಿಸಿ, ಎಷ್ಟು ಸತ್ತವು ಎಂದು ನೋಡುವುದು ಅವಳ ಕೆಲಸ. ಮದುವೆಗೆ ಮೊದಲು ಹಿಡಿದ ಪಿಪೆಟ್ಟನ್ನು ಮಗಳು ಕಾಲೇಜು ಸೇರಿದರೂ ಕೆಳಗಿಟ್ಟಿರಲಿಲ್ಲ.

ಅಂಥವಳೂ ಎಡವಿದಳು. ಒಂದು ಜೋಡಿ ಹನಿಸಿದ ಗುಳಿಗಳಲ್ಲಿ ಕೋಶಗಳು ಹೆಚ್ಚುಕಡಿಮೆ ನಿರ್ನಾಮವಾಗಿದ್ದವು. ಅವೇ ಔಷಧಗಳನ್ನು ಒಂದೊಂದಾಗಿ ಹಾಕಿದ ಕಡೆ ಹಾಯಾಗಿದ್ದವು. ಅದೇ ಕಾಯಿಲೆ ಮರಳಿ ಬಂದಿದ್ದ ಅಕ್ಕನ ಮನೆಗೆ ಅಂದೇ ಹೋಗಿ ಬಾಯಿಬಿಟ್ಟಳು. ತಟ್ಟೆಯಿಂದ ರೋಗಿಯವರೆಗೆ ವರ್ಷಗಟ್ಟಲೆ ದಾರಿಯಿದೆ ಎಂದೂ ಹೇಳಿದಳು. ಅಕ್ಕನ ಕಿವಿಗೆ ಬಿದ್ದದ್ದು ಮೊದಲರ್ಧ ಮಾತ್ರ. “ಹಳೇದು ಯಾಕೆ, ನಿಂದೇ ಬರ್ಲಿ” ಎಂದವಳೇ, ಆಸ್ಪತ್ರೆಯವರು ಗೊತ್ತುಮಾಡಿದ್ದ ಕಿಮೊವನ್ನು ಮುಂದೂಡಿಬಿಟ್ಟಳು.

ಮತ್ತೆ ತಟ್ಟೆ ನೋಡಿದಾಗ ತಂಗಿಗೆ ತಪ್ಪು ಕಂಡಿತು. ಜೋಡಿಯನ್ನು ಹನಿಸಿದ್ದು ಅಷ್ಟೂ ಅಂಚಿನ ಗುಳಿಗಳಿಗೆ. ಕಾವುಪೆಟ್ಟಿಗೆಯಲ್ಲಿ ಅಂಚಿನವು ಬೇಗ ಆರುತ್ತವೆ; ನೀರು ಇಂಗಿದರೆ ಕೋಶಗಳು ಔಷಧವಿಲ್ಲದೆಯೂ ಸಾಯುತ್ತವೆ. ಹೊಸಬರಿಗೆ ತಾನೇ ಹೇಳಿಕೊಡುತ್ತಿದ್ದ ಪಾಠ! ಈ ಸಲ ಜೋಡಿಯನ್ನು ನಡುವಿಗೆ ಹಾಕಿ, ಅಂಚಿನಲ್ಲಿ ಔಷಧ ಮುಟ್ಟಿಸದ ಕೋಶಗಳನ್ನಿಟ್ಟಳು. ಅಂಚಿನವು ಸತ್ತವು. ನಡುವಿನವು ಕೊಂಚ ಸೊರಗಿದವು, ಅಷ್ಟೆ.

“ಸೊರಗಿವೆಯಲ್ರೀ, ಅದೂ ಫಲಿತಾಂಶಾನೇ,” ಎಂದರು, ಅಕ್ಕನ ವಿಷಯವನ್ನೂ ಅವಳಿಂದ ಕೇಳಿದ ವಿಭಾಗದ ಮುಖ್ಯಸ್ಥೆ. “ಆದ್ರೆ ನಿಮ್ಮಕ್ಕನಿಗೆ ಇವತ್ತೇ ಹೇಳ್ಬಿಡಿ.”

ಅಕ್ಕ ಬಟ್ಟೆ ಮಡಿಸುತ್ತಿದ್ದಳು. ಎಲ್ಲ ಕೇಳಿದ ಮೇಲೆ, ಮಡಿಸಿಟ್ಟಿದ್ದ ದಿಂಬಿನ ಚೀಲವನ್ನೇ ಬಿಚ್ಚಿ ಮತ್ತೆ ಮಡಿಸಿದಳು.

“ಅಂದ್ರೆ ಔಷಧ ಕೊಂದಿದ್ದಲ್ಲ, ಒಣಗಿ ಸತ್ತಿದ್ದು?”

“ಹೂಂ. ತಪ್ಪು ನಂದೇ ಅಕ್ಕಾ.”

“ಚಿಕ್ಕವಳಿದ್ದಾಗ ನೀನು ಕುಂಡದ ಗಿಡಾನೂ ಹೀಗೇ ಒಣಗಿಸಿ, ಹುಳ ಹಿಡೀತು ಅಂದಿದ್ದೆ. ಈಗ್ಲಾದ್ರೂ ಒಪ್ಕೊಂಡ್ಯಲ್ಲ, ಪುಣ್ಯಾತ್ಗಿತ್ತಿ.” ಕಣ್ಣು ಒರೆಸಿಕೊಂಡಳು. “ಆ ನಡುವಿನವು ಸೊರಗಿದ್ದು ನಿಜಾನಾ?”

“ಇರಬಹುದು. ಇನ್ನೂ ನೋಡ್ಬೇಕು.”

“ನೋಡ್ತಿರು. ನಂಗೆ ಅಲ್ಲೀವರ್ಗೂ ಕಾಯೋಕಾಗಲ್ಲ.”

ಅಕ್ಕ ಫೋನೆತ್ತಿ ಆಸ್ಪತ್ರೆಗೆ ಹಚ್ಚಿದಳು. “ಈಗ್ಲೇ ಬೇಡ ಅಂದಿದ್ನಲ್ಲ, ಆ ಕಿಮೊಗೆ ಯಾವಾಗ ಬರ್ಲಿ?” ಎಂದು ಕೇಳುತ್ತಲೇ, ಮಡಿಸದೆ ಉಳಿದ ಬಟ್ಟೆಯ ರಾಶಿಯನ್ನು ತಂಗಿಯ ಕಡೆಗೆ ತಳ್ಳಿದಳು.