ವಸಂತಳ ರಾಗಿ ಪಾರ್ಕು

ವಸಂತಾ, ನಿನ್ನ ಪಾರ್ಕನ್ನು ಕೊಂದವಳು ನಾನು. ರಾಗಿಯ ಪೈರು ತಾನಾಗಿ ಸಾಯಲಿಲ್ಲ, ಮೈಲಿಗೆಯಿಂದಲೂ ಸಾಯಲಿಲ್ಲ. ನಾನು ಅದಕ್ಕೆ ಬಿಸಿನೀರು ಸುರಿದೆ — ಬೇಕೆಂದೇ ಸುರಿದೆ.

ಎಂಬತ್ತರ ದಶಕದ ಆ ಸ್ಯಾನ್ ಫ್ರಾನ್ಸಿಸ್ಕೋ ನಿನಗೆ ನೆನಪಿದ್ದೇ ಇರುತ್ತದೆ. ಗುಡ್ಡದ ಮೇಲೆ ನಮ್ಮ ಪಾರ್ಕು, ಸುತ್ತ ಕೆತ್ತನೆಯ ಹಳೆಯ ಮರದ ಮನೆಗಳು. ಅಂಥದೊಂದು ಮನೆಯನ್ನು ಹೋಳು ಮಾಡಿದ ಫ್ಲಾಟುಗಳಲ್ಲಿ ಕೆಳಗೆ ನಾವು, ಮೇಲೆ ನೀವು. ಇಬ್ಬರೂ ಮೈಸೂರಿನವರು. ಗಂಡಂದಿರು ಬೆಳಗಾದರೆ ಬರ್ಕ್ಲಿಯ ಲ್ಯಾಬಿಗೆ. ನಮ್ಮಿಬ್ಬರ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ನೀನು ಬೀದಿಯವರೊಂದಿಗೆಲ್ಲ ಹರಟುತ್ತಿದ್ದೆ. ನಾನು — ಇತಿಹಾಸದಲ್ಲಿ ಎಂ.ಎ. ಮಾಡಿದವಳಲ್ಲವೇ — ಲೈಬ್ರರಿಗೆ ಹೋದೆ.

ಆ ಗುಡ್ಡ ಮೊದಲು ಬರಿಯ ಮರಳುದಿಬ್ಬವಾಗಿತ್ತೆಂದು, ವ್ಯಾಪಾರಿಗಳು ಪೈಪೋಟಿಯಲ್ಲಿ ಮನೆ ಕಟ್ಟಿದರೆಂದು, 1906ರ ಮಹಾ ಭೂಕಂಪದ ಬೆಂಕಿಗೆ ಎಲ್ಲ ಕಳೆದುಕೊಂಡ ಜನ ಪಾರ್ಕಿನ ತುಂಬ ಡೇರೆ ಹಾಕಿ ಉಳಿದರೆಂದು, ಆಮೇಲೆ ಶ್ರೀಮಂತರು ಬೇರೆಡೆಗೆ ಹೋಗಿ ಅವರ ಹಜಾರಗಳೆಲ್ಲ ಬಾಡಿಗೆ ಕೋಣೆಗಳಾದವೆಂದು ನಿನಗೆ ಹೇಳಿದವಳು ನಾನೇ. ಎದುರುಮನೆಯ ಹೆಲೆನ್ ಅಜ್ಜಿ ಎಳೆಯ ಹುಡುಗಿಯಾಗಿ ಅಂಥ ಡೇರೆಯೊಂದರಲ್ಲಿ ಇದ್ದವರೆಂದು ಪತ್ತೆ ಹಚ್ಚಿದವಳೂ ನಾನೇ. ನೀನೋ, ಕೇಳುತ್ತ ಆಕಳಿಸುತ್ತಿದ್ದೆ!

ಆ ವರ್ಷ ದಸರೆಗೆ ನೀನು ಗೊಂಬೆ ಕೂರಿಸಲು ಹೊರಟೆ. ನಮ್ಮೂರಲ್ಲಿ ಗೊಂಬೆಗಳ ಮುಂದೆ ರಾಗಿ ಬಿತ್ತಿ, ಮೊಳೆತ ಹಸಿರಿನಲ್ಲಿ ಪುಟ್ಟದೊಂದು ಪಾರ್ಕು ಮಾಡುತ್ತಾರಲ್ಲ — ನೀನು ನಮ್ಮ ಪಾರ್ಕನ್ನೇ ಮಾಡಿದೆ. ಕೇಕಿನ ಟ್ರೇಗಳಲ್ಲಿ ರಾಗಿಯ ಹುಲ್ಲು, ಸೀರಿಯಲ್ ಡಬ್ಬಿಗಳನ್ನು ಕತ್ತರಿಸಿದ ಮನೆಗಳು, ಹಳೇ ಪಂಚೆಯ ಡೇರೆಗಳು, ಒಂದು ಡೇರೆಯ ಬಾಗಿಲಲ್ಲಿ ಬೆರಳುದ್ದದ ಹೆಲೆನ್. ಶುಕ್ರವಾರ ನೋಡಲು ಬನ್ನಿ ಎಂದು ಬೀದಿಗೆಲ್ಲ ಹೇಳಿಬಂದೆ. ಹೆಲೆನ್ ಅಜ್ಜಿ ನನ್ನನ್ನು ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು, ಈ ಜಾಗವನ್ನು ನಿನ್ನ ಗೆಳತಿಯಷ್ಟು ಅರ್ಥ ಮಾಡಿಕೊಂಡವರಿಲ್ಲ ಎಂದರು. ನನಗೆ ಹೇಳಿದರು — ನನಗೆ! ಒಲೆಯ ಮುಂದೆ ಹೊಗೆ ಕುಡಿದವಳು ಒಬ್ಬಳು, ಬಡಿಸಿದವಳಿಗೆ ಹೆಸರು. ಹೊಟ್ಟೆಕಿಚ್ಚು ಎಂಬುದಕ್ಕೆ ಆ ಹೆಸರು ಯಾಕೆ ಬಂತೆಂದು ನನಗೆ ಅಂದು ತಿಳಿಯಿತು. ನಿನ್ನ ನಗು, ನಿನ್ನ ತಪ್ಪುತಪ್ಪು ಇಂಗ್ಲಿಷು, ಅದಕ್ಕೆ ಎಲ್ಲರೂ ಕರಗುತ್ತಿದ್ದುದು — ಯಾವುದನ್ನೂ ಸಹಿಸಲಾಗಲಿಲ್ಲ.

ಹಬ್ಬಕ್ಕೆ ಮುಂಚಿನ ಶನಿವಾರ ನೀವು ಸ್ಯಾನ್ ರಮೋನಿನ ನೆಂಟರ ಮನೆಗೆ ಹೊರಟಿರಿ. ಮೈಸೂರಿನಿಂದ ಬಂದಿದ್ದ ನಿಮ್ಮ ಅತ್ತೆಯೂ ಜೊತೆಗೆ. ನೀನು ಕೀಲಿಕೈ ಕೊಟ್ಟು, "ಸ್ವಲ್ಪ ನೀರು ಚಿಮುಕಿಸ್ಬಿಡೇ, ನಿನ್ನ ಬಿಟ್ರೆ ನಂಗಿಲ್ಲಿ ಯಾರಿದಾರೆ" ಎಂದೆ. ಆಮೇಲೆ ಕಿವಿಯ ಹತ್ತಿರ ಬಂದು ನಗುತ್ತ, "ಬಿತ್ತಿದ ದಿನ ನಾನು ಮುಟ್ಟು ಕಣೇ. ಈ ಅಪಾರ್ಟ್‌ಮೆಂಟಲ್ಲಿ ಎಲ್ಲಿ ಅಂತ ದೂರ ಕೂರೋದು? ಅತ್ತೆಗೆ ಹೇಳ್ಬೇಡ" ಎಂದೆ.

ನಿಮ್ಮ ಅಡುಗೆಮನೆಯ ಬಿಸಿನೀರಿನ ನಲ್ಲಿ ತಿರುಗಿಸಿದೆ. ಹಳೆಯ ಮನೆ, ಹಳೆಯ ಪೈಪು — ನೀರು ಕಾಯುವುದಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು. ಅಷ್ಟು ಹೊತ್ತಿನಲ್ಲಿ ನಿಲ್ಲಿಸಬಹುದಿತ್ತು. ಬೆರಳಿಟ್ಟು ನೋಡುತ್ತ ನಿಂತೆ. ಬೆರಳು ಚುರ್ ಎಂದಮೇಲೆ ಪಾತ್ರೆ ತುಂಬಿಸಿಕೊಂಡೆ.

ಭಾನುವಾರ ನೀವು ಬರುವಷ್ಟರಲ್ಲಿ ಹಸಿರೆಲ್ಲ ಹಳದಿಯಾಗಿ ಮಲಗಿತ್ತು. ನಿಮ್ಮ ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡು, "ಇದೇನಮ್ಮಾ ಅಪಶಕುನ! ಯಾಕ್ ಹಿಂಗಾಯ್ತು?" ಎಂದು ಕೇಳಿದರು. ನಾನು ಸುಮ್ಮನಿರಬಹುದಿತ್ತು — ಸುಮ್ಮನಿದ್ದಿದ್ದರೂ ಇಷ್ಟು ದೊಡ್ಡ ಪಾಪವಾಗುತ್ತಿರಲಿಲ್ಲ.

"ಬಿತ್ತಿದ ದಿನ ಇವಳು ಮುಟ್ಟಾಗಿದ್ಲಲ್ಲ, ಅದಕ್ಕೇ ಇರ್ಬೇಕು."

ನೀನು ನನ್ನ ಮುಖ ನೋಡಿದೆ. ಬಾಯಿತಪ್ಪಿ ಅಂದೆನೆಂದು ತಿಳಿದೆಯಲ್ಲ, ಆ ನೋಟದಲ್ಲಿ ಸಿಟ್ಟೂ ಇರಲಿಲ್ಲ. ಅತ್ತೆ ಅಂದೇ ಎಲ್ಲವನ್ನೂ ತೆಗೆಸಿದರು. ನಿನ್ನ ತವರಿನವರು ಮದುವೆಯಲ್ಲಿ ಕೊಟ್ಟ ಪಟ್ಟದ ಗೊಂಬೆಗಳನ್ನು, ಆ ರಾಜ ರಾಣಿಯರನ್ನು, ತಮ್ಮ ಸೂಟ್‌ಕೇಸಿನಲ್ಲಿ ಮೈಸೂರಿಗೆ ಒಯ್ದರು. ನಿನ್ನ ಕೈಗುಣ ಸರಿಯಿಲ್ಲ ಎಂದರು. ನೀನು ಅದನ್ನು ನಂಬಿದೆ. ಶುಕ್ರವಾರ ಹೆಲೆನ್ ಅಜ್ಜಿ ಹೂ ಹಿಡಿದು ಬಂದಾಗ ನೀನು ಬಾಗಿಲಲ್ಲೇ ನಿಂತು, "ಸಾರಿ, ನೋ ಪಾರ್ಕ್" ಎಂದದ್ದು ನನಗೆ ಕೆಳಗಿನಿಂದ ಕೇಳಿಸಿತು. ಮತ್ತೊಂದು ದಸರೆಯ ಹೊತ್ತಿಗೆ ಅವರಿರಲಿಲ್ಲ. ಅವರಿಗೆ ಪಾರ್ಕಿನ ಚರಿತ್ರೆಯನ್ನು ನಾನು ಎಷ್ಟೋ ಸಲ ಹೇಳಿದ್ದೆ, ಅವರು ತಲೆಯಾಡಿಸುತ್ತಿದ್ದರು. ಆದರೆ ಅವರ ಡೇರೆಯನ್ನು ಅವರಿಗೆ ತೋರಿಸಬಲ್ಲವಳು ನೀನೊಬ್ಬಳೇ ಆಗಿದ್ದೆ.

ಇಷ್ಟು ವರ್ಷ ನುಂಗಿಕೊಂಡಿದ್ದವಳು ಈಗೇಕೆ ಬರೆಯುತ್ತಿದ್ದೇನೆಂದರೆ — ಮೊನ್ನೆ ನೀನು ಫೋನು ಮಾಡಿದೆ. ನಿನ್ನ ಮಗಳು ರೆಡ್‌ವುಡ್ ಸಿಟಿಯ ತನ್ನ ಮನೆಯಲ್ಲಿ ಮೊದಲ ಸಲ ಗೊಂಬೆ ಕೂರಿಸುತ್ತಾಳಂತೆ. "ನಾನು ಮುಟ್ಟಲ್ಲಮ್ಮ, ನನ್ನ ಕೈಗುಣ ಗೊತ್ತಲ್ಲ. ನಿನ್ನ ಕೈ ಒಳ್ಳೇದು, ನೀನೇ ಬಂದು ರಾಗಿ ಬಿತ್ತಿಕೊಡೇ" ಎಂದೆ ನೀನು. ನಾನು ಹ್ಞೂಂ ಎಂದೆ. ಫೋನಿಟ್ಟ ಮೇಲೆ ಈ ಕಾಗದ ಬರೆಯಲು ಕುಳಿತೆ.

ಬರುತ್ತೇನೆ. ಅಂದು ಆ ಮುಟ್ಟಿನ ಮಾತನ್ನು ನಿಮ್ಮ ಅತ್ತೆಯ ಎದುರಿಗೆ ಆಡಿದ್ದೆ. ಇದನ್ನು ನಿನ್ನ ಮಗಳ ಎದುರಿಗೆ ಬಾಯಿಬಿಟ್ಟು ಹೇಳುತ್ತೇನೆ, ಅವಳಿಗೆ ಅರ್ಥವಾಗುವ ಹಾಗೆ ಇಂಗ್ಲಿಷಿನಲ್ಲೂ ಹೇಳುತ್ತೇನೆ. ಆಮೇಲೆ ನೀನು ಹೋಗು ಎಂದರೆ ಹೋಗುತ್ತೇನೆ. ರಾಗಿಯನ್ನು ಮಾತ್ರ ನೀನೇ ಬಿತ್ತು, ವಸಂತಾ. ನಿನ್ನ ಕೈಗೆ ಯಾವತ್ತೂ ಏನೂ ಆಗಿರಲಿಲ್ಲ.