ಬಾಣಂತಿ ಕೋಣೆಯಲ್ಲಿ ತಿದ್ದಿದ ಪಟ್ಟಿ

ಹತ್ತಿಮತ್ತೂರಿನ ಹೊಳೆವ್ವ ತನ್ನ ಆಯುಷ್ಯದಲ್ಲಿ ಹದಿನೇಳು ಬಾಣಂತನ ಮಾಡಿದ್ದಾಳೆ. ಹದಿನೇಳರಲ್ಲಿ ಒಬ್ಬಳಿಗೂ ನೆಗಡಿ ಆಗಿಲ್ಲ. ಆಗಲಿಕ್ಕೆ ಆಕೆ ಬಿಟ್ಟಿಲ್ಲ ಅನ್ನುವುದು ಸರಿ. ಹದಿನೆಂಟನೆಯದು ಸ್ವಂತ ಮಗಳು ಸವಿತಾಳದು. ಕಿವಿಗೆ ಹತ್ತಿ, ತಲೆಗೆ ಬಿಗಿ ರುಮಾಲು, ಹೊರಸಿನ ಕೆಳಗೆ ಕೆಂಡ. ನಲವತ್ತು ದಿನ ತಣ್ಣೀರು ಮುಟ್ಟಬಾರದು, ಗಾಳಿಗೆ ಕೂರಬಾರದು, ಕಣ್ಣಿಗೆ ಸಣ್ಣ ಕೆಲಸ ಕೊಡಬಾರದು. ಈ ಕೊನೆಯದರಲ್ಲಂತೂ ರಿಯಾಯಿತಿ ಎಂಬ ಮಾತೇ ಇಲ್ಲ. ಸವಿತಾ ಹುಟ್ಟಿದ ಒಂಬತ್ತನೇ ದಿನ ಹೊಳೆವ್ವ ಹಠ ಮಾಡಿ ಕೌದಿ ಹೊಲಿಯಲು ಕೂತಿದ್ದಳು. ಅಂದಿನಿಂದ ಎಡಗಣ್ಣು ಮಂಜು. ಡಾಕ್ಟರು ಅದಕ್ಕೆ ಬೇರೆ ಕಾರಣ ಹೇಳಿದರು. ಹೇಳದೆ ಏನು, ಅವರೇನು ಹಡೆದಿದ್ದರೇ?

ಸವಿತಾ ಹಿರೇಕೆರೂರಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಕಂಪ್ಯೂಟರ್ ಕೆಲಸದವಳು. ಹಾಸ್ಟೆಲಿಗೊಂದು ವೆಬ್‌ಸೈಟ್ ಇದೆ. ಅದರೊಳಗೆ ಹೋಗಿ ತಿದ್ದುವ ಕೀಲಿ ಸವಿತಾಳ ಲ್ಯಾಪ್‌ಟಾಪಿನಲ್ಲಿ ಮಾತ್ರ ಇದೆ. ಆಕೆ ಯಾವ ಊರಲ್ಲಿ ಕೂತರೂ ಆ ಕೀಲಿಯಿಂದ ಒಳಗೆ ಹೋಗಬಹುದು. ಬೇರೆಯವರು ತಲೆಕೆಳಗಾಗಿ ನಿಂತರೂ ಆಗದು. ಆ ಲ್ಯಾಪ್‌ಟಾಪ್ ಈಗ ಹೊಳೆವ್ವನ ಜೋಳದ ಚೀಲಗಳ ಹಿಂದಿತ್ತು. ಮಗಳ ಫೋನು ಹೊಳೆವ್ವನ ಸೊಂಟದಲ್ಲಿತ್ತು.

ಹನ್ನೊಂದನೇ ದಿನ ಮಧ್ಯಾಹ್ನ ಮೂರೂವರೆಗೆ ಆ ಫೋನು ಹೊಡೆದುಕೊಂಡಿತು. ಹಿರೇಬೆಂಡಿಗೇರಿಯ ಗೋಣೆಪ್ಪ ಎಂಬ ರೈತ.

"ಮೇಡಮ್ಮಾರ ಅದಾರೇನ್ರಿ? ನನ್ನ ಮಗಳು ಮಂಜವ್ವಗ ಹಾಸ್ಟೆಲ್ ಸೀಟು ಸಿಕ್ಕೈತಿ ಅಂತ ಕಾಗದ ಬಂದೈತ್ರಿ. ವೆಬ್‌ಸೈಟಿನ ಪಟ್ಟ್ಯಾಗ ಹೆಸರ ಇಲ್ಲ! ಐದು ಗಂಟೆಕ್ಕ ಪಟ್ಟಿ ಬಂದ್ ಅಂತ. ಅದರಾಗ ಇಲ್ಲದವರ ಸೀಟು ಬ್ಯಾರೇದವರಿಗೆ ಹೋಗ್ತೈತಂತ. ಆಫೀಸಿನ್ಯಾಗ ಕೇಳಿದ್ರ, ಕೀಲಿ ಮೇಡಮ್ಮಾರ ಹತ್ರ ಐತಿ ಅಂತಾರ್ರಿ."

"ಮೇಡಂ ಬಾಣಂತಿ ಅದಾಳ," ಎಂದು ಹೊಳೆವ್ವ ಫೋನು ಇಟ್ಟಳು.

ಗೋಣೆಪ್ಪನ ದನಿ ಕಿವಿಯ ಹತ್ತಿಯನ್ನೂ ದಾಟುವಂಥದ್ದು. ಸವಿತಾ ಎದ್ದು ಕೂತಿದ್ದಳು.

"ಅವ್ವಾ, ಆ ಹುಡುಗೀನ ಬಿಟ್ಟಾಕಿ ನಾನು. ಪಟ್ಟಿ ಹೊಡಿಯೂ ಹೊತ್ತಿಗೇ ಬ್ಯಾನಿ ಚಾಲೂ ಆತು. ಐದು ನಿಮಿಷ ಲ್ಯಾಪ್‌ಟಾಪ್ ಕೊಡು."

"ಕಣ್ಣು ಹೋಗಾಕ ಐದು ನಿಮಿಷ ಭಾಳ ಆತು."

"ಅಷ್ಟು ದೂರದಿಂದ ಆ ಹುಡುಗಿ ದಿನಾ ಬಸ್ಸಿಗೆ ಬರಾಕ ಆಕ್ಕತೇನು? ಕಾಲೇಜು ಬಿಡಿಸ್ತಾರ. ನನ್ನ ತಪ್ಪಿಗೆ ಆಕೀ ಕಲಿಯೂದು ಬಿಡಬೇಕು!"

ಹೊಳೆವ್ವ ಕೂಸಿನ ಮಗ್ಗುಲು ಬದಲಿಸಿದಳು. ಕೆಂಡ ಕೆದಕಿದಳು. ತಾನು ಮೂರನೇತ್ತೆಗೆ ಶಾಲೆ ಬಿಟ್ಟದ್ದು ನೆನಪಾಯಿತೋ ಏನೋ, ಆಕೆ ಅಂಥದ್ದನ್ನೆಲ್ಲ ಹೇಳುವವಳಲ್ಲ. ಎದ್ದು ಹೋಗಿ ಚೀಲಗಳ ಹಿಂದಿನಿಂದ ಲ್ಯಾಪ್‌ಟಾಪ್ ತಂದಳು.

"ಮಲಕೋ. ನಾ ಒತ್ತತೇನಿ, ನೀ ಹೇಳು."

ಹೇಳಿ ಮಗಳ ಕಣ್ಣಿಗೆ ಬಟ್ಟೆ ಕಟ್ಟಿದಳು. ಮಗಳ ಮೇಲೆ ನಂಬಿಕೆ ಇಲ್ಲವೆಂದಲ್ಲ. ಮಗಳನ್ನು ಬಲ್ಲಳು, ಅಷ್ಟೇ.

ಹೊಳೆವ್ವನಿಗೆ ಇಂಗ್ಲಿಷ್ ಅಕ್ಷರ ಬಾರದು. ಸವಿತಾಳಿಗೆ ಕೀಲಿಮಣೆ ಬಾಯಿಪಾಠ. "ಎರಡನೇ ಸಾಲು, ಎಡಗಡೆಯಿಂದ ಮೂರನೇದು" ಎಂದು ಆಕೆ ಹೇಳುವುದು, ಹೊಳೆವ್ವ ತೋರುಬೆರಳಿನಿಂದ ಸಾಲು ಎಣಿಸಿ ಒತ್ತುವುದು. ಮೊದಲು ಗುಪ್ತಪದ ಕೊಡಬೇಕು. ಹತ್ತು ಸಲ ಒತ್ತಿದರೂ ಪರದೆಯ ಮೇಲೆ ಏನೂ ಮೂಡಲಿಲ್ಲ. ಹೊಳೆವ್ವ ಇನ್ನೂ ಜೋರಾಗಿ ಒತ್ತಿದಳು.

"ಏನೂ ಬೀಳವಲ್ದಲ್ಲ!"

"ಅದು ಕಾಣಂಗಿಲ್ಲವ್ವ. ಯಾರೂ ನೋಡಬಾರದು ಅಂತ ಮುಚ್ಚಿಡತೈತಿ."

"ಮನ್ಯಾಗ ಇರಾಕಿ ನಾನೊಬ್ಬಾಕಿ. ನನ್ನ ಮುಂದೂ ಮುಚ್ಚಿಡತೈತೇನು? ಭಾಳ ಸೊಕ್ಕು ಐತಿ ಬಿಡು."

ತಪ್ಪು ಎಂದಿತು ಯಂತ್ರ. ಮತ್ತೆ ಮೊದಲಿನಿಂದ ಒತ್ತಿದರೆ ಮತ್ತೆ ತಪ್ಪು. ಮೂರನೇ ಸಲವೂ ತಪ್ಪಿದರೆ ಬಾಗಿಲು ಒಂದು ತಾಸು ತೆರೆಯುವುದಿಲ್ಲ. ಆಗಲೇ ನಾಲ್ಕೂ ಕಾಲು. ಸವಿತಾಳ ಕೈ ಕಣ್ಣಿನ ಬಟ್ಟೆಗೆ ಹೋಯಿತು. ಹೊಳೆವ್ವ ಆ ಕೈ ಮೇಲೆ ಒಂದು ಹಾಕಿದಳು.

"ಅವ್ವಾ, ಎರಡನೇ ಸಾಲು ಅಂದ್ರ ಯಾವುದು ಒತ್ತಾಕತ್ತಿ?"

"ಮ್ಯಾಲಿಂದ ಎರಡನೇದು."

"ಅಯ್ಯ ಶಿವನ! ಮ್ಯಾಲಿನ ಎರಡು ಸಾಲು ಬಿಟ್ಟು ಎಣಸಬೇಕವ್ವ. ಅಲ್ಲಿಂದ ಅಕ್ಷರ ಚಾಲೂ."

"ಮೊದಲ ಹೇಳಬೇಕಿಲ್ಲೇನು? ಹತ್ತಿ ಬೀಜ ಊರೂ ಮುಂದ ಎರಡು ಸಾಲು ಯಾರರೆ ಬಿಡ್ತಾರೇನು?"

ಮೂರನೇ ಸಲ ಯಂತ್ರ ಒಳಗೆ ಬಿಟ್ಟಿತು. ಪಟ್ಟಿ ಕನ್ನಡದಲ್ಲಿತ್ತು. ಸವಿತಾ ಹೇಳಿದ ಗುಂಡಿ ಒತ್ತಿದಂತೆಲ್ಲ ಪರದೆಯ ಮೇಲೆ ಮ ಬಂತು, ಮಂ ಆಯಿತು, ಜ ಬಂತು. ಹೊಳೆವ್ವ ಒಳ್ಳೆ ಕಣ್ಣನ್ನು ಪರದೆಗೆ ಹತ್ತಿಸಿ ಕೂತಳು, ನೀರು ಸುರಿಯತೊಡಗಿತು, ಸೆರಗಿನಿಂದ ಒರೆಸಿಕೊಂಡು ಮತ್ತೆ ಒತ್ತಿದಳು. ನಾಲ್ಕೂ ಮುಕ್ಕಾಲಿಗೆ ಗೋಣೆಪ್ಪನ ಫೋನು ಬಂತು. "ಬಂತ್ರಿ, ಬಂತ್ರಿ" ಅಂತ ನಾಲ್ಕು ಸಲ ಅಂದ.

"ಸಾಕು, ಮುಚ್ಚಿಬಿಡವ್ವ," ಎಂದಳು ಸವಿತಾ.

ಹೊಳೆವ್ವ ಮುಚ್ಚಲಿಲ್ಲ. "ಬ್ಯಾನಿ ಬಂತಂದಿ. ಬ್ಯಾನಿ ಒಂದ ಸಲ ಬಂದು ಹೋಗ್ತೈತೇನು? ಇನ್ನೂ ಯಾರನ್ನರೆ ಬಿಟ್ಟಿರ್ತಿ. ನೀ ನೋಡಿ ಹೊಡದ ಕಾಗದದ ಪಟ್ಟಿ ಎಲ್ಲೈತಿ?"

ಅದು ಲ್ಯಾಪ್‌ಟಾಪಿನ ಚೀಲದಲ್ಲೇ ಇತ್ತು. ಹೊಳೆವ್ವ ಎಡಗೈ ಬೆರಳು ಕಾಗದದ ಮೇಲೆ, ಬಲಗೈ ಬೆರಳು ಪರದೆಯ ಮೇಲೆ ಇಟ್ಟು, ಮೂರನೇತ್ತೆಯ ಹುಡುಗಿಯಂತೆ ಅಕ್ಷರ ಕೂಡಿಸಿ ಜೋರಾಗಿ ಓದುತ್ತ ಇಳಿದಳು. ಮೂವತ್ತೊಂದನೆಯದಕ್ಕೆ ಎಡಗೈ ನಿಂತಿತು.

"ಖತೀಜಾಬಿ, ಸವಣೂರು. ಇಲ್ಲಿ ಐತಿ, ಅಲ್ಲಿ ಇಲ್ಲ."

ಸವಿತಾ ಮೊಣಕೈ ಊರಿ ಎದ್ದಳು. "ಅವರ್ಯಾರೂ ಫೋನ್ ಮಾಡಲಿಲ್ಲಲ್ಲ. ನಂಬರ್ ಏನು ಬರದೈತಿ?"

ನಂಬರಿನ ಜಾಗದಲ್ಲಿ ಒಂದು ಗೆರೆ ಎಳೆದಿತ್ತು.

"ಫೋನ್ ಇಲ್ಲ," ಎಂದಳು ಹೊಳೆವ್ವ. "ಕಾಗದ ಹಿಡ್ಕೊಂಡು, ಟ್ರಂಕು ಹೊತ್ಕೊಂಡು ಬಂದು ಬಾಗಿಲ್ದಾಗ ನಿಂದರ್ತಿತ್ತು ಆ ಕೂಸು. ಹೇಳು ಲಗೂ."

ಐದಕ್ಕೆ ಎರಡು ನಿಮಿಷ ಇರುವಾಗ ಹೆಸರು ಪಟ್ಟಿಗೆ ಬಿತ್ತು. ಫೋನೇನೂ ಬರಲಿಲ್ಲ. ತಾನು ಬಿಟ್ಟುಹೋಗಿದ್ದೆ ಎಂದು ಆ ಹುಡುಗಿಗೆ ಗೊತ್ತೇ ಇರಲಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಬಟ್ಟೆಯ ಕೆಳಗೆ ಸವಿತಾ ಬಿಕ್ಕತೊಡಗಿದಳು. ಬಾಣಂತಿ ಅತ್ತರೆ ಕಣ್ಣು ಕೆಡುತ್ತದೆ; ಹದಿನೇಳು ಜನರಲ್ಲಿ ಒಬ್ಬಳನ್ನೂ ಹೊಳೆವ್ವ ಅಳಲಿಕ್ಕೆ ಬಿಟ್ಟವಳಲ್ಲ.

ಆಕೆ ಮಗಳ ಕಣ್ಣಿನ ಬಟ್ಟೆ ಬಿಚ್ಚಿದಳು.

"ಅಳು," ಎಂದಳು. "ಕೂಸು ಏಳೂತನಾ ಅತ್ತುಬಿಡು."