ಅಪ್ಪನಿಗೆ ಕಿವಿಯಾಗಿದ್ದ ಬೇಸಿಗೆ

ಎಪ್ಪತ್ತರ ದಶಕದ ಆ ದಿನಗಳಲ್ಲಿ ಸುಂಕದಕಟ್ಟೆಯ ಆಚೆ ಮನೆಗಳಿಗಿಂತ ಬಂಡೆಗಳೇ ಹೆಚ್ಚು. ಮಧ್ಯಾಹ್ನ ಕಲ್ಲು ಕ್ವಾರಿಯಲ್ಲಿ ಮದ್ದು ಸಿಡಿದರೆ ನಮ್ಮ ಗುಡಿಸಲಿನ ಪಾತ್ರೆಗಳು ಅದುರುತ್ತಿದ್ದವು. ಹುರುಳಿಸಾರಿನ ಘಮದ ಮೇಲೆ ಮದ್ದಿನ ಕಮಟು ಬಂದು ಕೂರುತ್ತಿತ್ತು.

ಬತ್ತಿ ಹಚ್ಚುವವನು ನನ್ನ ಅಪ್ಪ. ಮದ್ದು ತುಂಬಿದ ಕುಳಿ ಎಷ್ಟೋ ಅಷ್ಟು ಸದ್ದು ಕೇಳಲೇಬೇಕು; ಒಂದು ಕಡಿಮೆಯಾದರೆ ಸಿಡಿಯದೆ ಉಳಿದ ಕುಳಿ ಇಳಿದವರ ಮೇಲೇ ಸಿಡಿಯಬಹುದು. ಅನುಮಾನ ಬಂದರೆ ಅರ್ಧ ಗಂಟೆ ಯಾರೂ ಕೆಳಗಿಳಿಯುವಂತಿಲ್ಲ. ಅದು ಕಾನೂನು. ಆದರೆ ವರ್ಷಗಟ್ಟಲೆ ಆ ಸದ್ದಿನಲ್ಲೇ ನಿಂತ ಅಪ್ಪನಿಗೆ ಮೊದಲ ಢಂಗೇ ಕಿವಿ ಗುಂಯ್ ಎಂದು ಮುಚ್ಚಿಕೊಳ್ಳುತ್ತಿತ್ತು. ಗೊತ್ತಾದರೆ ಕೆಲಸ ಹೋಗುತ್ತದೆಂದು ನನಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಮೇಸ್ತ್ರಿಯ ಎಣಿಕೆಯನ್ನು ನಂಬುವಂತಿರಲಿಲ್ಲ; ಲಾರಿ ಬಂದು ನಿಂತರೆ ಅವನಿಗೆ ಎಲ್ಲ ಕುಳಿಗಳೂ ಸಿಡಿದಂತೆ ಕೇಳಿಸುತ್ತಿತ್ತು!

ಹಾಗಾಗಿ ಆ ಬೇಸಿಗೆ ರಜೆಯಲ್ಲಿ ನಾನೇ ಅಪ್ಪನ ಕಿವಿ. ಒಂದು ಢಂ ಎಂದರೆ ಒಂದು ಹುಣಸೆಬೀಜ ಮಡಿಲಿಗೆ. ನೀರು ಕುಡಿಯುವ ನೆಪದಲ್ಲಿ ಅಪ್ಪ ಬಂದು ಕೇಳುತ್ತಿದ್ದ, "ಎಷ್ಟವ್ವಾ?" ನಾನು ಬೆರಳು ತೋರಿಸುತ್ತಿದ್ದೆ.

ಅವತ್ತು ಏಳು ಕುಳಿ. ನಾನು ಕುಂಟೆಬಿಲ್ಲೆ ಆಡುತ್ತಾ ಪಕ್ಕದ ಗುಡಿಸಲಿನ ರತ್ನಳ ಜೊತೆ ಜಗಳಕ್ಕೆ ಬಿದ್ದಿದ್ದೆ. ನೋಡಿದರೆ ಮಡಿಲಲ್ಲಿ ಆರೇ ಬೀಜ. ಒಂದು ಉದುರಿಹೋಯಿತೋ, ಹಾಕಲೇ ಇಲ್ಲವೋ? ಬೈಗುಳಕ್ಕೆ ಹೆದರಿ ಏಳು ಬೆರಳು ತೋರಿಸಿಬಿಟ್ಟೆ.

ಯಾರೂ ಇಳಿಯಬೇಡಿ ಎಂದು ಏರಿಸಿದ್ದ ಕೆಂಪು ಬಾವುಟ ಇಳಿಸಲು ಅಪ್ಪ ಹೊರಟ. ಓಡಿಹೋಗಿ ಪಂಚೆ ಜಗ್ಗಿದೆ.

"ಗೊತ್ತಿಲ್ಲ ಅಪ್ಪಾ, ಆಟ ಆಡ್ತಿದ್ದೆ!"

ಏಟು ಬೀಳುತ್ತದೆಂದು ಕಣ್ಣು ಮುಚ್ಚಿದೆ. ಬೀಳಲಿಲ್ಲ. ಅಪ್ಪ ಹೋಗಿ ಕ್ವಾರಿಗೆ ಇಳಿಯುವ ದಾರಿಗೆ ಅಡ್ಡ ಕೂತ.

"ಏಳೂ ಆಯ್ತಲ್ಲೋ, ಏಳೋ ಮೇಲೆ! ಲಾರಿ ಕಾಯ್ತಾ ಇದೆ" ಎಂದು ಮೇಸ್ತ್ರಿ ಕೂಗಾಡಿದ.

"ಕಾಯ್ಲಿ. ಅನುಮಾನ ಇದೆ, ಅರ್ಧ ಗಂಟೆ ಯಾರನ್ನೂ ಬಿಡಲ್ಲ."

"ಎಂಥ ಅನುಮಾನ? ನಿಂಗೇನು ಕಿವಿ ಕೇಳಲ್ವಾ?"

ಕೆಲಸದವರೆಲ್ಲ ನೋಡುತ್ತಿದ್ದರು. ಅಪ್ಪ ತಲೆ ತಗ್ಗಿಸಲಿಲ್ಲ.

"ಕೇಳಲ್ಲ ಮೇಸ್ತ್ರಿ. ಮೊದಲ್ನೇದು ಬಿಟ್ರೆ ಒಂದೂ ಕೇಳಲ್ಲ."

ಅರ್ಧ ಗಂಟೆ ಎಲ್ಲರೂ ಕೂತರು. ನಾನೊಬ್ಬಳು ಕೂರಲಾರದೆ ಬಾವುಟದ ಗಳುವಿನ ಸುತ್ತ ಸುತ್ತಿದೆ. ಆಮೇಲೆ ಇಳಿದು ನೋಡಿದರೆ ಏಳೂ ಸಿಡಿದಿದ್ದವು.

ಅಪ್ಪನ ಕೆಲಸ ಅವತ್ತೇ ಹೋಯಿತು. ಸಂಜೆ ನಾನು ಮುದ್ದೆ ಮುಟ್ಟದೆ ಕೂತಿದ್ದೆ.

"ಉಣ್ಣವ್ವಾ" ಎಂದ ಅಪ್ಪ. "ಎಲ್ರೂ ಅವರವರ ಮನೇಲಿ ಉಣ್ತಾ ಇದಾರೆ."

ಈಗ ಆ ಕ್ವಾರಿ ಮುಚ್ಚಿ ಮೂರಂತಸ್ತಿನ ಮನೆಗಳೆದ್ದಿವೆ. ಮದ್ದಿನ ವಾಸನೆ ದೀಪಾವಳಿಗೆ ಮಾತ್ರ. ಬೀದಿಯಲ್ಲಿ ಪಟಾಕಿ ಸಿಡಿದರೆ ನನಗೆ ಇಂದಿಗೂ ಕೂತಲ್ಲಿ ಕೂರಲಾಗುವುದಿಲ್ಲ, ಎಣಿಸುತ್ತೇನೆ. ಈಗ ಒಂದೂ ತಪ್ಪುವುದಿಲ್ಲ. ಎಷ್ಟವ್ವಾ ಎಂದು ಕೇಳಲು ಅಪ್ಪ ಇಲ್ಲ.